ಖಾಲಿ ಪುಟದ ಕೆಳಗಿನ ಸಹಿ

ನಮ್ಮ ಸಂಘದ ನಡಾವಳಿ ಪುಸ್ತಕವನ್ನು ನಾನು ಟೈಲ್ಸ್ ಕತ್ತರಿಸುವ ಮಿಷನ್ನಿನ ಡಬ್ಬದಲ್ಲಿ ಇಡುತ್ತಿದ್ದೆ. ನನ್ನ ಸಾಮಾನುಗಳ ಪೈಕಿ ಬೇರೆ ಯಾರೂ ಕೈ ಹಾಕದ ಡಬ್ಬ ಅದೊಂದೇ. ರಟ್ಟಿನ ಮೇಲೆ ಸದಾ ಬಿಳಿ ಧೂಳು ಕೂತಿರುತ್ತಿತ್ತು. ಆ ಧೂಳು ಒರೆಸಿ ಪುಸ್ತಕವನ್ನು ಮೇಜಿನ ಮೇಲೆ ಇಡುವಾಗ ನನ್ನ ಎದೆ ಸ್ವಲ್ಪ ಉಬ್ಬುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆರನೇ ಕ್ಲಾಸಿನಲ್ಲಿ ಸ್ಕೂಲು ಬಿಟ್ಟು ಜಲ್ಲಿ ಹೊರಲು ಹೋದವನು ನಾನು. ಅಂಥವನ ಹೆಸರಿನ ಮುಂದೆ ‘ಅಧ್ಯಕ್ಷರು’ ಎಂದು ಬರೆದಿರುವ ಪುಸ್ತಕ ಲೋಕದಲ್ಲಿ ಅದೊಂದೇ ಇತ್ತು.

ಹೆದರಿಕೆ ನನ್ನ ಜಾಯಮಾನಕ್ಕೆ ಬಂದದ್ದಲ್ಲ ಎಂದುಕೊಂಡಿದ್ದೆ. ನಾಲ್ಕನೇ ಮಹಡಿಯ ಹೊರಗೋಡೆಗೆ, ಸಾರುವೆಯ ಒಂದೇ ಹಲಗೆಯ ಮೇಲೆ ನಿಂತು, ಟೈಲ್ಸ್ ಕೂರಿಸಿದ್ದೇನೆ. ಗಾಳಿ ಬಂದರೆ ಹಲಗೆ ಅಲ್ಲಾಡುತ್ತಿತ್ತು, ನಾನು ಅಲ್ಲಾಡುತ್ತಿರಲಿಲ್ಲ. ಆದರೆ ಆ ಪುಸ್ತಕದ ಒಂದು ಪುಟ ನನ್ನನ್ನು ಎಂಟು ದಿನ ನಡುಗಿಸಿತು. 

ಮೊದಲು ನನ್ನ ಮಗಳ ವಿಷಯ ಹೇಳಬೇಕು. ಅವಳಿಗೆ ಈಗ ಇಪ್ಪತ್ತಾರು. ಮಾತು ಬರುವುದಿಲ್ಲ. ಮೈ ಬೆಳೆಯಿತು, ಬುದ್ಧಿ ಮೂರು ವರ್ಷದ ಮಗುವಿನ ಹತ್ತಿರ ನಿಂತುಬಿಟ್ಟಿತು. ಹದಿನೆಂಟು ತುಂಬುವವರೆಗೆ ಒಂದು ವಿಶೇಷ ಶಾಲೆಯಲ್ಲಿ ಇಟ್ಟುಕೊಂಡಿದ್ದರು. ಆಮೇಲೆ, “ಇನ್ನು ಮನೆಯಲ್ಲೇ ನೋಡಿಕೊಳ್ಳಿ” ಎಂದು ಕಳಿಸಿದರು. ಮನೆಯಲ್ಲಿ ನೋಡಿಕೊಳ್ಳುವವರು ಯಾರು? ನಾನು ಬೆಳಿಗ್ಗೆ ಏಳಕ್ಕೆ ಕೆಸರೆಯ ಮನೆಯಿಂದ ಹೊರಟರೆ ಸಾಯಂಕಾಲ ಬರುವವನು. ನನ್ನ ಹೆಂಡತಿ ನಾಲ್ಕು ಮನೆಗಳಲ್ಲಿ ಕೆಲಸ ಮಾಡುತ್ತಾಳೆ. ಇಬ್ಬರಲ್ಲಿ ಒಬ್ಬರು ನಿಂತರೂ ಒಲೆ ಉರಿಯುವುದಿಲ್ಲ. ಹಾಗಾಗಿ ನಾವು ಒಂದು ಬೀಗ ತಂದೆವು. ತಟ್ಟೆಯಲ್ಲಿ ಅನ್ನ ಕಲಸಿಟ್ಟು, ನೀರು ಇಟ್ಟು, ಗ್ಯಾಸು ಬಂದ್ ಮಾಡಿ, ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದೆವು. ಎರಡು ವರ್ಷ.

ಒಂದು ದಿನ ಸಿಮೆಂಟು ಬರಲಿಲ್ಲವೆಂದು ಮಧ್ಯಾಹ್ನವೇ ಮನೆಗೆ ಬಂದೆ. ಬಾಗಿಲ ಕೆಳಗಿನ ಸಂದಿಯಲ್ಲಿ ನಾಲ್ಕು ಬೆರಳು ಹೊರಗೆ ಬಂದಿದ್ದವು. ಅಲುಗಾಡುತ್ತಿರಲಿಲ್ಲ. ಅವಳು ಸತ್ತುಹೋಗಿದ್ದಾಳೆ ಎಂದೇ ತಿಳಿದೆ. ಬೀಗದ ಕೈ ಜೇಬಿನಲ್ಲಿದ್ದರೂ ಸಿಗಲಿಲ್ಲ. ಬಾಗಿಲು ತೆಗೆದಾಗ ಅವಳು ನೆಲಕ್ಕೆ ಕೆನ್ನೆ ಕೊಟ್ಟು ಮಲಗಿ, ಸಂದಿಯಿಂದ ಬರುವ ಬೆಳಕನ್ನು ನೋಡುತ್ತಿದ್ದಳು. ಎರಡು ಉಗುರು ಕಿತ್ತುಹೋಗಿದ್ದವು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಆಮೇಲೆ ಅವಳಂಥ ಮಕ್ಕಳಿರುವ ಕೆಲವರು ಸೇರಿ ಸಂಘ ಮಾಡಿದೆವು. ಊರಿನ ಇನ್ನೊಂದು ತುದಿಯ ಬೋಗಾದಿಯಲ್ಲಿ ಒಂದು ಹಳೆಯ ಹೆಂಚಿನ ಮನೆ ಬಾಡಿಗೆಗೆ ಸಿಕ್ಕಿತು, ಅದೇ ನಮ್ಮ ಕೇಂದ್ರ. ನೆಲಕ್ಕೆ ನಾನೇ ಟೈಲ್ಸ್ ಹಾಕಿದೆ, ಬೇರೆ ಬೇರೆ ಮನೆಗಳಲ್ಲಿ ಮಿಕ್ಕ ತುಂಡುಗಳಿಂದ. ಒಂದು ಕೋಣೆಯಲ್ಲಿ ಹದಿನಾಲ್ಕು ಬಣ್ಣ ಇವೆ. ಹನ್ನೊಂದು ಮಕ್ಕಳು. ಮಕ್ಕಳು ಎನ್ನುತ್ತೇವೆ, ಎಲ್ಲರೂ ಇಪ್ಪತ್ತು ದಾಟಿದವರು. ಇಬ್ಬರು ಹೆಂಗಸರು ಅವರನ್ನು ನೋಡಿಕೊಳ್ಳುತ್ತಾರೆ. ಮೆಡಿಕಲ್ ಅಂಗಡಿಗೆ ಕಾಗದದ ಕವರು ಮಾಡುತ್ತಾರೆ, ಹಾಡು ಹಾಕಿದರೆ ಕುಣಿಯುತ್ತಾರೆ, ಊಟ ಮಾಡಿ ಮಲಗುತ್ತಾರೆ. ದಿನಾ ಬೆಳಿಗ್ಗೆ ನಾನು ಮಗಳನ್ನು ಗಾಡಿಯ ಹಿಂದೆ ಕೂರಿಸಿ, ಟವೆಲಿನಿಂದ ನನ್ನ ಸೊಂಟಕ್ಕೆ ಕಟ್ಟಿಕೊಂಡು, ರಿಂಗ್ ರಸ್ತೆ ಹಿಡಿದು ಬೋಗಾದಿಗೆ ಬಿಟ್ಟು ಕೆಲಸಕ್ಕೆ ಹೋಗುತ್ತೇನೆ. ಆರು ವರ್ಷದಿಂದ ಬೀಗ ಅಕ್ಕಿ ಡ್ರಮ್ಮಿನ ಹಿಂದೆ ಬಿದ್ದಿತ್ತು.

ಆ ಇಬ್ಬರು ಹೆಂಗಸರ ಸಂಬಳವನ್ನು ಊರಿನ ಒಬ್ಬ ದೊಡ್ಡ ಮನುಷ್ಯರು ಕೊಡುತ್ತಿದ್ದರು. ಕಳೆದ ವರ್ಷ ಅವರು ತೀರಿಕೊಂಡರು. ಅವರ ಮನೆಯವರು ಮರ್ಯಾದೆಯಿಂದಲೇ ಹೇಳಿದರು: ಯುಗಾದಿಯವರೆಗೆ ಕೊಡುತ್ತೇವೆ, ಆಮೇಲೆ ನಮ್ಮಿಂದ ಆಗುವುದಿಲ್ಲ. ಯುಗಾದಿಗೆ ಏಳು ತಿಂಗಳಿತ್ತು.

ನಾನು ನನಗೆ ಗೊತ್ತಿದ್ದ ದಾರಿ ಹಿಡಿದೆ. ದಟ್ಟಗಳ್ಳಿಯಲ್ಲಿ ನಾನು ಟೈಲ್ಸ್ ಹಾಕಿಕೊಟ್ಟ ಒಂದು ದೊಡ್ಡ ಮನೆಗೆ, ಇಸ್ತ್ರಿ ಶರ್ಟು ಹಾಕಿಕೊಂಡು ಹೋದೆ. ಮನೆ ಯಜಮಾನರು ಬಾಗಿಲಲ್ಲೇ, “ಏನ್ ಮೇಸ್ತ್ರಿ, ಏನಾದ್ರೂ ಬಾಕಿ ಇತ್ತಾ?” ಎಂದರು. ಒಳಗೆ ಕೂರಿಸಿದರು, ಕಾಫಿ ಕೊಟ್ಟರು. ನಾನು ಹಾಕಿದ ನೆಲದ ಮೇಲೆ ನನ್ನದೇ ಮುಖ ಕಾಣುತ್ತಿತ್ತು. ದುಡ್ಡು ಕೇಳಲು ಬಾಯಿ ತೆಗೆದೆ. ಬರಲಿಲ್ಲ. ದುಡಿದ ದುಡ್ಡು ಬಿಟ್ಟು ಇನ್ನೊಂದು ರೂಪಾಯಿ ಕೇಳಿದವನಲ್ಲ ನಾನು.

“ಏನಿಲ್ಲ ಸಾರ್, ಜಾಯಿಂಟ್ ಎಲ್ಲಾದ್ರೂ ಬಿಟ್ಟೈತಾ ನೋಡ್ಕಂಡ್ ಹೋಗಣ ಅಂತ ಬಂದೆ” ಎಂದೆ.

ಮಂಡಿಯೂರಿ ಎರಡು ಬಚ್ಚಲುಮನೆಗಳ ಜಾಯಿಂಟು ನೋಡಿ, ಒಂದು ಕಡೆ ಬಿಳಿ ಸಿಮೆಂಟು ತುಂಬಿಕೊಟ್ಟು ಬಂದೆ. ಅವರು ಬಹಳ ಸಂತೋಷಪಟ್ಟರು.

ಇದನ್ನು ಕೇಳಿ ನಮ್ಮ ಕಾರ್ಯದರ್ಶಿ ಮೇಡಂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅವರು ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಮಗನೂ ನಮ್ಮ ಕೇಂದ್ರದಲ್ಲೇ ಇದ್ದಾನೆ.

“ಮೇಸ್ತ್ರಿ, ಮನೆ ಬಾಗಿಲಿಗೆ ಹೋಗಿ ಕೇಳೋದು ಬೇರೆ, ಅರ್ಜಿ ಹಾಕೋದು ಬೇರೆ. ನಮ್ಮಂಥೋರಿಗೆ ಕೊಡೋಕೆ ಅಂತಲೇ ದುಡ್ಡು ತೆಗೆದಿಟ್ಟಿರೋ ಟ್ರಸ್ಟುಗಳು ಇರ್ತಾವೆ. ಅವ್ರಿಗೂ ಒಳ್ಳೆ ಜಾಗ ಬೇಕು, ನಮ್ಗೂ ದುಡ್ಡು ಬೇಕು. ಇದರಲ್ಲಿ ತಲೆ ತಗ್ಗಿಸೋದು ಏನಿದೆ?”

ಹುಡುಕಲು ಕೂತೆವು. ಭಾನುವಾರ ಬೆಳಗಿನ ಹೊತ್ತು ಅವರು ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಟ್ರಸ್ಟಿನ ನಿಯಮ ತೆಗೆದು, ಇಂಗ್ಲಿಷಿನಲ್ಲಿ ಇದ್ದುದನ್ನು ನನಗೆ ಕನ್ನಡದಲ್ಲಿ ಓದಿ ಹೇಳುವರು.  ಒಬ್ಬರು ಶಾಲೆಗಳಿಗೆ ಮಾತ್ರ ಕೊಡುತ್ತಾರೆ. ಒಬ್ಬರು ಕಟ್ಟಡಕ್ಕೆ ಕೊಡುತ್ತಾರೆ, ಸಂಬಳಕ್ಕೆ ಕೊಡುವುದಿಲ್ಲ. ಒಬ್ಬರಿಗೆ ಬೇರೆ ಜಿಲ್ಲೆಯೇ ಬೇಕು. ಹೆಚ್ಚಿನವರು ಹದಿನೆಂಟರ ಒಳಗಿನ ಮಕ್ಕಳಿಗೆ ಎಂದು ಬರೆದಿದ್ದರು.

“ಅಂದ್ರೆ ನಮ್ಮ ಮಕ್ಕಳು ದೊಡ್ಡೋರಾಗಿದ್ದೇ ತಪ್ಪಾ ಮೇಡಂ?” ಎಂದೆ.

ಅವರು ಮುಂದಿನದನ್ನು ತೆಗೆದರು.

ಆರೇಳು ಭಾನುವಾರಗಳಾದ ಮೇಲೆ ಒಂದು ಸಿಕ್ಕಿತು. ಬೆಂಗಳೂರಿನ ಟ್ರಸ್ಟು. ಸಣ್ಣ ಸಂಘ, ದೊಡ್ಡ ವಯಸ್ಸಿನ ಅಂಗವಿಕಲರು, ನೋಡಿಕೊಳ್ಳುವವರ ಸಂಬಳ, ಮೂರು ವರ್ಷ. ಒಂದೊಂದು ನಿಯಮ ಓದಿದಾಗಲೂ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಯಾರೋ ನಮ್ಮ ಬೋಗಾದಿ ಮನೆಯ ಕಿಟಕಿಯಲ್ಲಿ ಇಣುಕಿ ನೋಡಿ ಬರೆದ ಹಾಗಿತ್ತು.

ಅರ್ಜಿಯಲ್ಲಿ ಒಂದು ಪ್ರಶ್ನೆ: ಈ ನೆರವು ಸಿಗದಿದ್ದರೆ ಏನಾಗುತ್ತದೆ? ಮೇಡಂ ಓದಿ, ನನ್ನ ಕಡೆ ತಿರುಗಿ, “ಏನು ಬರೀಲಿ?” ಎಂದರು.  ನಾನು ಬೀಗದ ವಿಷಯ ಹೇಳಿದೆ. ಬೆರಳಿನದ್ದೂ ಹೇಳಿದೆ. ಅವರು ಟೈಪು ಮಾಡುವುದನ್ನು ನಿಲ್ಲಿಸಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, “ನಾನು ಮಗನನ್ನ ಕಿಟಕಿ ಸರಳಿಗೆ ಸೀರೆಯಿಂದ ಕಟ್ಟಿ ಆಫೀಸಿಗೆ ಹೋಗ್ತಿದ್ದೆ, ಮೇಸ್ತ್ರಿ” ಎಂದರು. ಅಷ್ಟೇ. ಮತ್ತೆ ಟೈಪು ಮಾಡಿದರು.

ಅರ್ಜಿಯ ಜೊತೆ ಸಮಿತಿಯ ನಿರ್ಣಯ ಬೇಕಿತ್ತು: ನಾವೆಲ್ಲ ಸೇರಿ ಸಭೆ ಮಾಡಿ, ಈ ನೆರವು ಕೇಳಲು ಒಪ್ಪಿದ್ದೇವೆ, ಎಂದು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದ ಪುಟ. ತಪ್ಪಾದದ್ದು ಇಲ್ಲಿ. ತಪ್ಪಿನ ಬೇರು ಮಾತ್ರ ಹಳೆಯದು, ಅದನ್ನು ನೆಟ್ಟವನು ನಾನೇ.

ನಮ್ಮ ಸಮಿತಿಯಲ್ಲಿ ಏಳು ಜನ. ಒಬ್ಬ ಆಟೋ ಓಡಿಸುತ್ತಾನೆ, ಇಬ್ಬರು ಗಾರ್ಮೆಂಟ್ಸಿಗೆ ಹೋಗುತ್ತಾರೆ, ಒಬ್ಬರು ಹಾಲಿನ ಬೂತು ಇಟ್ಟಿದ್ದಾರೆ, ಮೇಡಂ ಬಿಟ್ಟರೆ ಎಲ್ಲರೂ ದಿನ ದುಡಿದು ತಿನ್ನುವವರು. ಸಭೆ ಎಂದು ಕರೆದರೆ ಅರ್ಧ ದಿನದ ಕೂಲಿ ಹೋಯಿತು. ಕಟ್ಟಡದ ಕೆಲಸದಲ್ಲಿ ನಾವು ವಾರದ ಹಾಜರಿಗೆ ಒಂದೇ ಸಲ ಸಹಿ ಹಾಕುವುದುಂಟು, ಸೋಮವಾರವೇ ಶನಿವಾರದವರೆಗೆ. ಆ ಅಭ್ಯಾಸವನ್ನೇ ಸಂಘಕ್ಕೆ ತಂದೆ. ವರ್ಷಕ್ಕೆ ಒಂದು ಸಲ ಎಲ್ಲರೂ ಸೇರಿದಾಗ, ಹತ್ತು ಹನ್ನೆರಡು ಖಾಲಿ ಪುಟಗಳ ಕೆಳಗೆ ಏಳೂ ಜನರ ಸಹಿ ಹಾಕಿಸಿಬಿಡುತ್ತಿದ್ದೆ. ಆಮೇಲೆ ಯಾವ ವಿಷಯ ಬಂದರೂ ಮಕ್ಕಳನ್ನು ಬಿಡಲು ಬಂದಾಗ ಗೇಟಿನ ಹತ್ತಿರ ಒಬ್ಬೊಬ್ಬರನ್ನೂ ಕೇಳುವುದು, ಒಪ್ಪಿದರೆ ಮುಂದಿನ ಪುಟದಲ್ಲಿ ಬರೆಯುವುದು. ಯಾರನ್ನೂ ಕೇಳದೆ ಒಂದು ಸಾಲನ್ನೂ ನಾನು ಬರೆದಿಲ್ಲ. ಮಾತು ನಿಜ, ಸಹಿ ಮಾತ್ರ ಮುಂಗಡ. ಇದು ಜಾಣತನ ಎಂದೇ ನನಗಿತ್ತು.

ಏಳು ಜನರಲ್ಲಿ ಒಬ್ಬರು ಹೂವಿನ ಅಜ್ಜಿ. ಹೂ ಕಟ್ಟಿ ಮಾರಿ, ತಾಯಿಯಿಲ್ಲದ ಮೊಮ್ಮಗನನ್ನು ಸಾಕಿದವರು. ಸಂಘ ಶುರುವಾದಾಗ ಹೆಬ್ಬೆಟ್ಟು ಒತ್ತುತ್ತಿದ್ದರು. ಆಮೇಲೆ ನಾನೇ ಒಂದು ಸ್ಲೇಟು ತಂದು ಅವರಿಗೆ ಅವರ ಹೆಸರು ಬರೆಯಲು ಕಲಿಸಿದೆ. ನಾನು ಇನ್ನೊಬ್ಬರಿಗೆ ಅಕ್ಷರ ಕಲಿಸಿದ್ದು ಅದೊಂದೇ ಸಲ. ಅಜ್ಜಿ ಸಹಿ ಹಾಕಿದರೆ ಅರ್ಧ ಸಾಲು ತುಂಬುತ್ತಿತ್ತು, ಒಂದೊಂದು ಅಕ್ಷರವೂ ಬದನೆಕಾಯಿ ಗಾತ್ರ. “ಅಧ್ಯಕ್ಷರೇ, ಇನ್ನೊಂದೆಲ್ಡು ಪುಟ ಕೊಡಪ್ಪ, ಕೈ ಕುದುರ್ಕಂಡೈತೆ” ಎನ್ನುತ್ತಿದ್ದರು. ಮಳೆಗಾಲದಲ್ಲಿ ಜ್ವರ ಬಂದು, ನಾಲ್ಕೇ ದಿನದಲ್ಲಿ ತೀರಿಕೊಂಡರು. ಮೊಮ್ಮಗನನ್ನು ಅವರ ಕಿರಿಯ ಮಗಳು ಇಟ್ಟುಕೊಂಡಳು, ಅವನು ಈಗಲೂ ಕೇಂದ್ರಕ್ಕೆ ಬರುತ್ತಾನೆ. ಅಜ್ಜಿಯ ಫೋಟೋವನ್ನು ಚೌಕಟ್ಟು ಹಾಕಿಸಿ ಕೇಂದ್ರದ ಗೋಡೆಗೆ ಹಾಕಿದೆವು, ಕೆಳಗೆ ಸತ್ತ ತಾರೀಕು ಅಚ್ಚು ಹಾಕಿಸಿ. ಸಮಿತಿಯ ಪಟ್ಟಿಯಲ್ಲಿ ಅವರ ಹೆಸರು ತೆಗೆದು ಬೇರೆಯವರನ್ನು ಸೇರಿಸಬೇಕಿತ್ತು. ಇವತ್ತು ನಾಳೆ ಎಂದು ತಳ್ಳಿಕೊಂಡೇ ಬಂದೆವು.

ನಿರ್ಣಯವನ್ನು ಮೇಡಂ ಚೀಟಿಯಲ್ಲಿ ಬರೆದುಕೊಟ್ಟರು. ನಾನು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ, ಸ್ನಾನ ಮಾಡಿ, ಮುಂದಿನ ಖಾಲಿ ಪುಟ ತೆಗೆದು, ಅದನ್ನು ನೋಡಿಕೊಂಡು ಬರೆದೆ. ಹದಿನಾರು ಸಾಲು, ಒಂದು ಗಂಟೆ. ಒಂದೂ ಒತ್ತಕ್ಷರ ತಪ್ಪದ ಹಾಗೆ, ಸಾಲು ಓರೆಯಾಗದ ಹಾಗೆ. ನನ್ನ ಗಮನವೆಲ್ಲ ನನ್ನ ಅಕ್ಷರದ ಮೇಲೆ. ಕೆಳಗಿನ ಸಹಿಗಳ ಕಡೆ ನೋಡಲೇ ಇಲ್ಲ. ಅವು ಯಾವಾಗಲೂ ಇರುವಂಥವು. ಅದು ಅರ್ಜಿಯ ಕೊನೆಯ ದಿನ. ಮೇಡಂ ಅವಸರದಲ್ಲಿ ಪುಟದ ಫೋಟೋ ತೆಗೆದು ಕಳಿಸಿದರು.

ಒಂದೂವರೆ ತಿಂಗಳ ಮೇಲೆ ಫೋನು ಬಂತು. ದಟ್ಟಗಳ್ಳಿಯಲ್ಲಿ ಒಂದು ಹೊಸ ಮನೆಯ ಅಡುಗೆಮನೆಗೆ ಟೈಲ್ಸ್ ಹಾಕುತ್ತಿದ್ದೆ. ಹೆಂಗಸಿನ ದನಿ, ಟ್ರಸ್ಟಿನವರು.

“ನಿಮ್ಮ ಅರ್ಜಿ ಮೊದಲ ಹಂತದಲ್ಲಿ ಆಯ್ಕೆ ಆಗಿದೆ. ಬರೋ ಗುರುವಾರ ನಾನು ಕೇಂದ್ರಕ್ಕೆ ಬರ್ತೀನಿ. ನಿರ್ಣಯಕ್ಕೆ ಸಹಿ ಹಾಕಿರೋ ಏಳೂ ಜನ ಇರಬೇಕು. ಎಲ್ಲರ ಹತ್ರಾನೂ ಬೇರೆ ಬೇರೆಯಾಗಿ ಮಾತಾಡ್ತೀನಿ.”

“ಆಯ್ತು ಮೇಡಂ, ಖಂಡಿತ ಮೇಡಂ” ಎಂದು ಫೋನಿಟ್ಟೆ. ಕುಣಿಯುವಂತಾಯಿತು. ಯಾರಿಗೆಲ್ಲ ಹೇಳಬೇಕು ಎಂದು, ಸಿಮೆಂಟು ಮೆತ್ತಿದ ಎರಡೂ ಕೈಗಳನ್ನು ಮುಂದೆ ಹಿಡಿದು ಬೆರಳು ಮಡಿಸುತ್ತಾ ಎಣಿಸಿದೆ. ನಾನು, ಮೇಡಂ, ಆಟೋದವನು, ಗಾರ್ಮೆಂಟ್ಸಿನ ಇಬ್ಬರು, ಹಾಲಿನ ಬೂತಿನವರು. ಆರು. ಏಳನೆಯ ಬೆರಳು ಮಡಿಸಲು ಹೋದವನು ಹಾಗೇ ನಿಂತೆ.

ಡಬ್ಬದಿಂದ ಪುಸ್ತಕ ತೆಗೆದೆ. ನನ್ನ ಹದಿನಾರು ಸಾಲು ನೆಟ್ಟಗೆ, ಚೆನ್ನಾಗಿ ನಿಂತಿದ್ದವು. ಮೇಲೆ ತಾರೀಕು. ಕೆಳಗೆ, ಎಲ್ಲರ ಸಹಿಗಿಂತ ದೊಡ್ಡದಾಗಿ, ಅಜ್ಜಿ. ಸತ್ತು ಮೂರು ತಿಂಗಳಾದ ಮೇಲೆ ಸಭೆಗೆ ಬಂದು ಸಹಿ ಹಾಕಿದ್ದರು.

ಕಲಸಿದ ಸಿಮೆಂಟಿನ ಬಾಂಡ್ಲಿ ಪಕ್ಕದಲ್ಲೇ ಕೂತೆ.  ಬೋಗಾದಿ ಸುತ್ತ ಹೊಲಗಳೆಲ್ಲ ಸೈಟಾದ ಕಾಲದಲ್ಲಿ, ಸತ್ತವರ ಹೆಬ್ಬೆಟ್ಟು ಒತ್ತಿ ಜಾಗ ಮಾರಿದವರ ಕಥೆಗಳನ್ನು ಕೆಲಸದ ಜಾಗದಲ್ಲಿ ಬೇಕಾದಷ್ಟು ಕೇಳಿದ್ದೆ. ಪೊಲೀಸರು, ಕೋರ್ಟು, ಜೈಲು. ಅಂಥವರ ಬಗ್ಗೆ ನಾನೇ ಉಗಿದು ಮಾತಾಡಿದ್ದೆ. ಈಗ ನನ್ನ ಕೈಬರಹ, ನನ್ನ ಮೊಹರು, ಸತ್ತವರ ಸಹಿ, ದುಡ್ಡು ಕೇಳುವ ಕಾಗದ. ನನಗೂ ಅವರಿಗೂ ಇರುವ ವ್ಯತ್ಯಾಸವನ್ನು ಯಾರಿಗೆ, ಯಾವ ಬಾಯಲ್ಲಿ ಹೇಳಲಿ?

ಆದರೂ ನಿಜವಾದ ಹೆದರಿಕೆ ಜೈಲಿನದ್ದಲ್ಲ. ಕಣ್ಣು ಮುಚ್ಚಿದರೆ ನಾಲ್ಕು ಬೆರಳು ಕಾಣುತ್ತಿದ್ದವು.

ಕೇಂದ್ರದಲ್ಲಿ ನಮ್ಮ ಕಾರ್ಯದರ್ಶಿ ಮೇಡಂಗೆ ತೋರಿಸಿದೆ. “ನಾನೂ ನೋಡ್ಲಿಲ್ವಲ್ಲ ಮೇಸ್ತ್ರಿ. ಮೂವತ್ತು ವರ್ಷ ಸಹಿ ನೋಡಿ ನೋಡಿಯೇ ಮನಿಯಾರ್ಡರ್ ಕೊಟ್ಟೋಳು ನಾನು.” ಪುಸ್ತಕ ಮುಚ್ಚಿ, “ಈಗಲೇ ಅವ್ರಿಗೆ ಫೋನ್ ಮಾಡಿ ಹೇಳಿಬಿಡೋಣ” ಎಂದರು.

“ಹೇಳಿದ್ರೆ ಬರೋದೇ ಇಲ್ಲ ಮೇಡಂ ಅವ್ರು. ಮುಗೀತು ಅಷ್ಟೇ.”

ಆಟೋದವನು ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದ. ಅವನ ತಮ್ಮ ನಮ್ಮ ಕೇಂದ್ರದಲ್ಲಿದ್ದಾನೆ. “ಅಣ್ಣ, ಇದ್ಕೆ ಯಾಕಿಂಗೆ ಬಾಡ್ಹೋಗಿದ್ದೀಯ? ನಮ್ಮತ್ತೇನ ಕರ್ಕಂಡ್ ಬತ್ತೀನಿ. ಅಜ್ಜಿ ವಯಸ್ಸೇ. ಅಜ್ಜಿ ಹೆಸ್ರು ಹೇಳ್ಕೊಟ್ರೆ ಆಯ್ತು.”

“ನಿಮ್ಮತ್ತೆ ಬಾಯಿ ಮುಚ್ಕಂಡ್ ಕೂತಾರೇನೋ?”

“ಅದೊಂದೇ ನೋಡು ಕಷ್ಟ. ಆ ಟ್ರಸ್ಟಿನೋರ್ನೇ ‘ನಿಂಗೆ ಎಷ್ಟಮ್ಮ ಸಂಬ್ಳ, ಮದ್ವೆ ಆಗೈತಾ’ ಅಂತ ಕೇಳ್ಬುಡ್ತದೆ ಮುದ್ಕಿ.”

ಅವತ್ತು ನಾವು ನಕ್ಕಿದ್ದು ಅದೊಂದೇ ಸಲ. ಮೇಡಂ ನಗಲಿಲ್ಲ. “ಸುಳ್ಳು ಹೇಳೋದಾದ್ರೆ ನಾನು ಅವತ್ತು ಬರಲ್ಲ. ಆದ್ರೆ ತಡೆಯೋದೂ ಇಲ್ಲ. ನನ್ನ ಮಗನೂ ಇಲ್ಲೇ ಇರೋದು. ನೀವು ಅಧ್ಯಕ್ಷರು, ನೀವೇ ತೀರ್ಮಾನ ಮಾಡಿ” ಎಂದು ಚೀಲ ತಗೊಂಡು ಹೊರಟರು. ಅಧ್ಯಕ್ಷರು ಎಂಬ ಮಾತು ಮೊದಲ ಸಲ ನನಗೆ ಬೈಗುಳದ ಹಾಗೆ ಕೇಳಿಸಿತು.

ನಾನು ಆಟೋದವನಿಗೆ, “ಅತ್ತೇನ ಕರ್ಕಂಡ್ ಬಾ” ಎಂದೆ.

ಮನೆಯಲ್ಲಿ ಹೆಂಡತಿಗೆ ಏನೂ ಹೇಳಲಿಲ್ಲ. ಅವಳೇ, “ಏನಾಗೈತೆ ನಿಮ್ಗೆ? ಮೂರು ದಿವ್ಸದಿಂದ ಮುದ್ದೆ ಹಂಗಂಗೇ ಬುಟ್ಟು ಏಳ್ತಿದ್ದೀರಿ” ಎಂದಳು. ಪಿತ್ತ ಎಂದೆ. ರಸ್ತೆಯಲ್ಲಿ ಪೊಲೀಸ್ ಜೀಪು ಹೋದರೆ ಗಾಡಿ ನಿಧಾನ ಮಾಡುತ್ತಿದ್ದೆ, ಅವರಿಗೆ ನನ್ನ ವಿಷಯ ಗೊತ್ತಿದೆಯೋ ಎಂಬಂತೆ. ಟೈಲ್ಸ್ ಅಳತೆ ಎರಡು ಸಲ ತಪ್ಪಿ ಕತ್ತರಿಸಿದೆ. ನನ್ನ ಕೈಯಲ್ಲಿ ಹಾಗೆಂದೂ ಆಗಿರಲಿಲ್ಲ.

ಅತ್ತೆಯನ್ನು ಅಜ್ಜಿ ಮಾಡಬೇಕಾದರೆ ಗೋಡೆಯ ಮೇಲೆ ನಿಜವಾದ ಅಜ್ಜಿ ಇರಬಾರದು. ಬುಧವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಸ್ವಲ್ಪ ಮುಂಚೆಯೇ ಹೋದೆ. ಅವಳು ಚಪ್ಪಲಿ ಬಿಡುವಷ್ಟರಲ್ಲಿ ಸ್ಟೂಲು ಹತ್ತಿ, ಫೋಟೋ ಇಳಿಸಿ, ಗೋಡೆ ಬೀರುವಿನ ಒಳಗೆ ಬೋರಲಾಗಿ ಇಟ್ಟೆ.

ನನಗೆ ಒಂದು ವಿಷಯ ಮರೆತೇಹೋಗಿತ್ತು. ಅಜ್ಜಿ ಇದ್ದಾಗ ದಿನಾ ಬೆಳಿಗ್ಗೆ ನನ್ನ ಮಗಳ ಜಡೆಗೆ ಒಂದು ತುಂಡು ಕನಕಾಂಬರ ಮುಡಿಸುತ್ತಿದ್ದರು. ಅಜ್ಜಿ ಬಂದ ಕೂಡಲೇ ಇವಳು ಅವರ ಮುಂದೆ ಹೋಗಿ, ಬೆನ್ನು ತಿರುಗಿಸಿ ನಿಲ್ಲುವಳು. ಅಜ್ಜಿ ಸತ್ತ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಫೋಟೋದ ಮುಂದೆ ಹೋಗಿ, ಅದಕ್ಕೆ ಬೆನ್ನು ಮಾಡಿ ನಿಲ್ಲುವಳು. ನೋಡಿಕೊಳ್ಳುವ ಹೆಂಗಸರಲ್ಲಿ ಒಬ್ಬರು ಫೋಟೋದ ಹಾರದಿಂದ ಒಂದು ಹೂ ಕಿತ್ತು ಮುಡಿಸಿದ ಮೇಲೆಯೇ ಅವಳ ದಿನ ಶುರು.

ಅವತ್ತೂ ಅವಳು ನೆಟ್ಟಗೆ ಅಲ್ಲಿಗೆ ಹೋದಳು. ಬೆನ್ನು ತಿರುಗಿಸುವ ಮುಂಚೆ ಗೋಡೆ ನೋಡಿದಳು. ಮೊಳೆ ಇತ್ತು. ಅದರ ಕೆಳಗೆ, ಸುಣ್ಣ ಮಾಸದ ಒಂದು ಚೌಕ. ಅವಳು ಆ ಚೌಕದ ಮೇಲೆ ಅಂಗೈ ಇಟ್ಟು ನೋಡಿದಳು. ಅಳಲಿಲ್ಲ, ಕಿರುಚಲಿಲ್ಲ. ತಿರುಗಿ, ನನ್ನನ್ನು ದಾಟಿಕೊಂಡು, ಮುಂಬಾಗಿಲ ಹತ್ತಿರ ಹೋಗಿ ಅದನ್ನು ಮುಚ್ಚಿದಳು. ನೆಲದ ಮೇಲೆ ಮಲಗಿ, ಕೆನ್ನೆಯನ್ನು ಟೈಲ್ಸಿಗೆ ಒತ್ತಿ, ಬಾಗಿಲ ಕೆಳಗಿನ ಸಂದಿಯಲ್ಲಿ ಬೆರಳು ತೂರಿಸಿದಳು.

ಆರು ವರ್ಷದಲ್ಲಿ ಅವಳು ಹಾಗೆ ಮಾಡಿರಲಿಲ್ಲ.

ಬೀಗ ಇಲ್ಲದೆಯೂ ಅವಳನ್ನು ನಾನು ಅದೇ ಜಾಗಕ್ಕೆ ತಳ್ಳಿದ್ದೆ. ಬೀರು ತೆಗೆದು, ಫೋಟೋ ಮತ್ತೆ ಮೊಳೆಗೆ ಹಾಕಿದೆ. ಒಂದು ಸಲ ಓರೆಯಾಯಿತು, ಸರಿಮಾಡಿದೆ. ಅವಳ ಪಕ್ಕ ನೆಲದ ಮೇಲೆ ಕೂತು, ಒಂದೊಂದೇ ಬೆರಳು ಬಿಡಿಸಿ, ಕೈ ಹಿಡಿದೆ. ಅವಳು ಬಹಳ ಹೊತ್ತಿನ ಮೇಲೆ ಎದ್ದಳು. ಆಟೋದವನಿಗೆ ಫೋನು ಮಾಡಿ, “ಅತ್ತೆ ಬ್ಯಾಡ ಕಣೋ” ಎಂದೆ. “ಬದುಕ್ದೆ ಬುಡಣ್ಣ” ಎಂದ. ಮೇಡಂಗೂ ಹೇಳಿದೆ, ಗುರುವಾರ ಬರುತ್ತೇನೆ ಎಂದರು.

ಗುರುವಾರ ಟ್ರಸ್ಟಿನ ಮೇಡಂ ಹನ್ನೊಂದಕ್ಕೆ ಬಂದರು. ನಲವತ್ತರ ಆಸುಪಾಸು. ಚಪ್ಪಲಿ ಹೊರಗೆ ಬಿಟ್ಟು, ಮಕ್ಕಳ ಜೊತೆ ನೆಲದ ಮೇಲೆ ಕೂತು ಕವರು ಮಡಿಸಲು ಹೋದರು. ಅಂಚು ತಪ್ಪಾಯಿತು. ನಮ್ಮ ಮೇಡಂ ಮಗ ಅದನ್ನು ಅವರ ಕೈಯಿಂದ ಕಿತ್ತುಕೊಂಡು, ಬಿಚ್ಚಿ, ಸರಿಯಾಗಿ ಮಡಿಸಿ, ಗದರುವವನಂತೆ ಅವರ ಮುಖ ನೋಡಿದ. ಅವರು ಜೋರಾಗಿ ನಕ್ಕರು. ನನಗೆ ನಗಲು ಆಗಲಿಲ್ಲ. ಬಂದ ಕೂಡಲೇ ನಾನೇ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ಆದರೆ ಮಾತನ್ನು ಮುಂದೂಡಲು ಅವರಿಗೆ ಎರಡು ಸಲ ಟೀ ಕೊಟ್ಟೆ.

ಆಮೇಲೆ ಅವರು ಮೇಜಿಗೆ ಬಂದು ಪುಸ್ತಕ ತೆಗೆದರು. ಬೆರಳು ನೇರ ಅಲ್ಲಿಗೇ ಹೋಯಿತು.

“ಇದು ಯಾರ ಸಹಿ? ಎಷ್ಟು ಗಟ್ಟಿಯಾಗಿ ಹಾಕಿದ್ದಾರೆ! ಬಂದಿದ್ದಾರಾ ಅವ್ರು?”

 ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ನಾನು ಕೈಯೆತ್ತಿ ಗೋಡೆ ತೋರಿಸಿದೆ. “ಅಲ್ಲಿ ಅವ್ರೆ ಮೇಡಂ.”

ಅವರಿಗೆ ಅರ್ಥವಾಗಲಿಲ್ಲ. ಎದ್ದು ಫೋಟೋದ ಹತ್ತಿರ ಹೋದರು. ಕೆಳಗಿನ ತಾರೀಕು ಓದಿದರು. ವಾಪಸು ಬಂದು ಪುಟದ ಮೇಲಿನ ತಾರೀಕು ಓದಿದರು. ಅವರ ಮುಖದಿಂದ ನಗು ಹೋಯಿತು.

ನಾನು ನಿಂತುಕೊಂಡೇ ಎಲ್ಲ ಹೇಳಿದೆ. ವಾರದ ಹಾಜರಿ, ಖಾಲಿ ಪುಟ, ಸ್ಲೇಟು, ನನ್ನ ಹದಿನಾರು ಸಾಲು. ಅತ್ತೆಯ ವಿಷಯವನ್ನೂ ಬಿಡಲಿಲ್ಲ. ಆಟೋದವನು ಕತ್ತು ತಗ್ಗಿಸಿದ. 

“ಇನ್ನೂ ಎಷ್ಟು ಪುಟ ಹೀಗೆ ಸಹಿ ಹಾಕಿಸಿ ಇಟ್ಟಿದ್ದೀರಿ?”

“ನಾಲ್ಕು.”

“ತೋರಿಸಿ.”

ತಿರುವಿ ತೋರಿಸಿದೆ. ನಾಲ್ಕರಲ್ಲೂ ಮೇಲೆ ಖಾಲಿ, ಕೆಳಗೆ ಏಳು ಸಹಿ, ನಾಲ್ಕರಲ್ಲೂ ಅಜ್ಜಿ.

“ಈ ಖಾಲಿ ಜಾಗದಲ್ಲಿ ಯಾರು ಏನು ಬೇಕಾದ್ರೂ ಬರೀಬಹುದು. ಗೊತ್ತಾ ನಿಮಗೆ?”

“ನಾನು ಬರಿಯಾಕಿಲ್ಲ ಮೇಡಂ” ಎಂದೆ. ಹೆದರಿಕೆಯ ನಡುವೆಯೂ ಹಳೆಯ ಗರ್ವ ಎದ್ದು ಮಾತಾಡಿತು.

“ನೀವು ಬರೆಯಲ್ಲ. ನಿಮ್ಮ ನಂತರ ಈ ಡಬ್ಬ ತೆಗೆಯೋರು?”

 ನನ್ನ ಡಬ್ಬಕ್ಕೆ ಯಾರೂ ಕೈ ಹಾಕುವುದಿಲ್ಲ ಎಂದೇ ಆರು ವರ್ಷ ನಂಬಿದ್ದೆ. ಆದರೆ ನಾನೂ ಒಂದು ದಿನ ಗೋಡೆಯ ಮೇಲೆ ಹೋಗುವವನೇ. ನಾನು ಹೋದ ಮೇಲೂ ನನ್ನ ಮಗಳು ಇದೇ ಮನೆಗೆ ಬರಬೇಕು. ಆ ಖಾಲಿ ಪುಟಗಳು ಮೊದಲ ಸಲ ನನಗೆ ಹೆದರಿಕೆ ಹುಟ್ಟಿಸಿದವು, ಬರೆದ ಪುಟಕ್ಕಿಂತ ಹೆಚ್ಚು.

ಅವರು ನಾಲ್ಕು ಪುಟಗಳ ಖಾಲಿ ಜಾಗಕ್ಕೆ ಅಡ್ಡ ಗೀಟು ಎಳೆಸಿದರು. ಗೀಟು ಅಜ್ಜಿಯ ಸಹಿಗೆ ತಾಗದ ಹಾಗೆ ಮೇಲೆಯೇ ನಿಲ್ಲಿಸಿದೆ, ಅವರು ನೋಡಿಯೂ ಅದನ್ನು ಹಾಗೇ ಬಿಟ್ಟರು. ಹೊಸ ಪುಟದಲ್ಲಿ ಅವತ್ತಿನ ತಾರೀಕು ಹಾಕಿ, ನಡೆದದ್ದನ್ನು ನನ್ನ ಕೈಯಲ್ಲೇ ಬರೆಯಲು ಹೇಳಿದರು. ಎಲ್ಲರೆದುರಿಗೆ ಬರೆದೆ. ಈ ಸಲ ಸಾಲುಗಳೆಲ್ಲ ಓರೆಯಾದವು. ಆರು ಜನ ಸಹಿ ಹಾಕಿದೆವು.

ಹೊರಡುವಾಗ ಅವರು, “ಇದನ್ನ ನಾನು ಮುಚ್ಚಿಡೋಕಾಗಲ್ಲ. ಇದ್ದಿದ್ದನ್ನ ಇದ್ದ ಹಾಗೆ ವರದೀಲಿ ಬರೀತೀನಿ. ಕೊಡೋದು ಬಿಡೋದು ನನ್ನ ಕೈಯಲ್ಲಿಲ್ಲ” ಎಂದರು. ಗೇಟು ದಾಟಿದವರು ವಾಪಸು ಬಂದು, “ಅರ್ಜೀಲಿ ಬೀಗದ ವಿಷಯ ಬರೆದಿದ್ರಲ್ಲ, ಅದು ಯಾರ ಮನೇದು?” ಎಂದು ಕೇಳಿದರು. “ನಮ್ದು” ಎಂದೆ.

ಆಮೇಲಿನ ದಿನಗಳು ಹೇಗೆ ಹೋದವು ಎಂದು ನೆನಪಿಲ್ಲ. ಯುಗಾದಿ ಹತ್ತಿರ ಬರುತ್ತಿತ್ತು.  ಹೆಂಡತಿಗೆ ಎಲ್ಲ ಹೇಳಿದ್ದೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಒಂದು ದಿನ ಕೆಲಸದಿಂದ ಬಂದಾಗ ಅವಳು ಹೊಸಿಲಲ್ಲಿ ಕೂತು, ಆ ಹಳೆಯ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು, ಕೀಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

“ತುಕ್ಕು ಹಿಡ್ದಿತ್ತು, ಅದ್ಕೇ” ಎಂದಳು.

ನಾನು ಚಪ್ಪಲಿಯನ್ನೂ ಬಿಡದೆ ಅಲ್ಲೇ ನಿಂತೆ. ಮಗಳು ಒಳಗೆ ತಟ್ಟೆ ಬಡಿಯುತ್ತಾ ಆಡುತ್ತಿದ್ದಳು.

ಯುಗಾದಿಗೆ ಹನ್ನೆರಡು ದಿನ ಇರುವಾಗ ಪತ್ರ ಬಂತು. ಮೇಡಂ ಓದಿದರು. ಮೂರು ವರ್ಷಕ್ಕೆ ಕೊಡುವುದಿಲ್ಲ. ಒಂದು ವರ್ಷಕ್ಕೆ ಮಾತ್ರ. ತಿಂಗಳಿಗೊಂದು ಸಭೆ ನಿಜವಾಗಿ ಆಗಬೇಕು, ಹೇಳದೆ ಕೇಳದೆ ಯಾವ ಸಭೆಗಾದರೂ ಅವರ ಕಡೆಯವರು ಬಂದು ಕೂರಬಹುದು, ಒಂದು ಸಹಿ ತಪ್ಪಿದರೂ ನೆರವು ನಿಲ್ಲುತ್ತದೆ. ಮೇಡಂ ಅತ್ತರು. ನಾನು ಅವರ ಕೈಯಿಂದ ಪತ್ರ ತಗೊಂಡು, ಅರ್ಥವಾಗದ ಆ ಇಂಗ್ಲಿಷ್ ಸಾಲುಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ.

ಈಗ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಏಳಕ್ಕೆ ಸಭೆ. ಆಟೋದವನು ಆಕಳಿಸುತ್ತಾ ಬರುತ್ತಾನೆ, “ಅಣ್ಣ, ನಮ್ಮತ್ತೇನೇ ಮೆಂಬರ್ ಮಾಡ್ಬುಡು, ಮನೇಲಿ ಒಸಿ ನೆಮ್ದಿ ಸಿಕ್ತದೆ” ಎನ್ನುತ್ತಾನೆ. ಅಜ್ಜಿಯ ಕಿರಿಯ ಮಗಳು ಈಗ ಏಳನೆಯವಳು. ಬರೆದದ್ದನ್ನು ನಾನು ಗಟ್ಟಿಯಾಗಿ ಓದುತ್ತೇನೆ, ಓದಿದ ಮೇಲೆ ಸಹಿ. ಪುಸ್ತಕ ನನ್ನ ಡಬ್ಬದಲ್ಲಿ ಇರುವುದಿಲ್ಲ. ಕೇಂದ್ರದ ಬೀರುವಿನಲ್ಲಿ, ಯಾರು ಬೇಕಾದರೂ ತೆಗೆಯುವ ಜಾಗದಲ್ಲಿದೆ. ಗೇಟಿನ ಹತ್ತಿರ ಗೊತ್ತಿಲ್ಲದ ಗಾಡಿ ನಿಂತರೆ ಈಗಲೂ ನನ್ನ ಓದು ತಡವರಿಸುತ್ತದೆ.

ಟ್ರಸ್ಟು ಕೊಟ್ಟ ಒಂದು ವರ್ಷದಲ್ಲಿ ನಾಲ್ಕು ತಿಂಗಳು ಕಳ್ಳನ ಹಾಗೆ ಕಳೆದುಹೋಗಿವೆ. ಮೇಡಂ ಮತ್ತೆ ಲ್ಯಾಪ್‌ಟಾಪು ತೆಗೆದು, ಬೇರೆ ಟ್ರಸ್ಟುಗಳ ನಿಯಮ ಓದಲು ಶುರು ಮಾಡಿದ್ದಾರೆ. ಬೀಗ ಅಕ್ಕಿ ಡ್ರಮ್ಮಿನ ಹಿಂದೆ ಹೋಗಿದೆ, ಎಣ್ಣೆ ಬಿಟ್ಟು ಸಲೀಸಾದದ್ದು. ಎಸೆದುಬಿಡೋಣ ಎಂದು ಒಂದು ಸಲ ಹೇಳಿದೆ. “ಈ ವರ್ಷ ಒಂದ್ ಕಳೀಲಿ ಇರಿ” ಎಂದಳು ಹೆಂಡತಿ. ನಾನು ಒತ್ತಾಯ ಮಾಡಲಿಲ್ಲ.